ಕೊಳವೆಯ ಆ ತುದಿ

ಎಲ್ಲರಿಗೂ ನಮಸ್ಕಾರ. ಮೊದಲು ಈ ಗಾಜಿನ ಜಾಡಿಯನ್ನು ಮೇಜಿನ ಮೇಲೆ ಇಡುತ್ತೇನೆ. ಒಂದು ಲೀಟರ್ ಕಂದು ನೀರು. ಕೊಳಚೆ ನೀರಿನ ಘಟಕದಲ್ಲಿ ಗಾಳಿ ಊದುವ ತೊಟ್ಟಿಯಿಂದ ತಂದದ್ದು. ಮೂಗು ಮುಚ್ಚಿಕೊಳ್ಳಬೇಡಿ, ಹಸಿ ಮಣ್ಣಿನ ವಾಸನೆ ಅಷ್ಟೇ. ಅಲುಗಾಡಿಸದೆ ಇಲ್ಲೇ ಬಿಡೋಣ, ಆಮೇಲೆ ನೋಡೋಣ.

ಸಮುದ್ರ ಅಷ್ಟು ದೊಡ್ಡದು, ನಮ್ಮ ಚರಂಡಿ ನೀರು ಯಾವ ಲೆಕ್ಕ? ಕಡಲ ಪಕ್ಕದ ಊರಿನವರಿಗೆ ಹೀಗನ್ನಿಸುವುದು ಸಹಜ. ಬಾಸ್ಟನ್ ನಗರದ ಕಥೆ ಕೇಳಿ. ಅಲ್ಲಿ ಕೊಳಚೆಯಿಂದ ಬೇರೆ ಮಾಡಿದ ಗಸಿಯನ್ನೂ 1991ರ ಕೊನೆಯವರೆಗೆ ಬಂದರಿನ ನೀರಿಗೇ ಬಿಡುತ್ತಿದ್ದರು. ಇಳಿತದ ಹೊತ್ತು ನೋಡಿ ಬಿಡುತ್ತಿದ್ದರು, ನೀರೇ ಹೊರಗೆ ಒಯ್ಯಲಿ ಅಂತ. ಉಬ್ಬರ ಬಂದಾಗ ಅದು ವಾಪಸ್ ಬರುತ್ತಿತ್ತು. ಕೊನೆಗೆ ಕೋರ್ಟು ಮಧ್ಯೆ ಬಂದು ಡೀರ್ ಐಲ್ಯಾಂಡಿನಲ್ಲಿ ಹೊಸ ಘಟಕ ಎದ್ದಿತು.

ಘಟಕ ಕಟ್ಟಿದರೂ ಕಡಲೂರಿನ ತೊಂದರೆಗಳೇ ಬೇರೆ. ನೆಲ ತಗ್ಗು, ಇಳಿಜಾರು ಕಡಿಮೆ. ನೀರು ತಾನಾಗಿ ಹರಿಯದು, ದಾರಿಯುದ್ದಕ್ಕೂ ಪಂಪು ಬೇಕು. ಕೊಳವೆ ಬಿರುಕು ಬಿಟ್ಟರೆ ಉಪ್ಪುನೀರು ಒಳಗೆ ಬರುತ್ತದೆ. ಉಪ್ಪುನೀರಿನಲ್ಲಿ ಸಲ್ಫೇಟ್ ಜಾಸ್ತಿ. ಗಾಳಿಯಿಲ್ಲದ ಕಡೆ ಬ್ಯಾಕ್ಟೀರಿಯಾ ಅದನ್ನು ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್ ಮಾಡುತ್ತವೆ. ಗ್ಯಾಸು ಮೇಲೇರಿ ಕೊಳವೆಯ ನೆತ್ತಿಯ ತೇವದಲ್ಲಿ ಆಮ್ಲವಾಗುತ್ತದೆ. ವಿಚಿತ್ರ ನೋಡಿ, ನೀರು ಹರಿಯುವ ತಳ ಗಟ್ಟಿಯಾಗೇ ಇರುತ್ತದೆ, ನೀರು ತಾಗದ ನೆತ್ತಿ ಸವೆಯುತ್ತದೆ. ಕಾಂಕ್ರೀಟು ಮೆತ್ತಗಾಗಿ ಬೆರಳಲ್ಲಿ ಕೆರೆದರೆ ಬಿಳಿ ಹಿಟ್ಟಿನಂತೆ ಉದುರುತ್ತದೆ. ಒಂದು ದಿನ ಮೇಲಿನ ರಸ್ತೆಯೇ ಕುಸಿಯಬಹುದು.

ಘಟಕದಲ್ಲಿ ಮೊದಲು ಜಾಲರಿ, ಆಮೇಲೆ ಮರಳು ತೆಗೆಯುವುದು, ಆಮೇಲೆ ನೀರನ್ನು ಸುಮ್ನೆ ನಿಲ್ಲಿಸುವುದು. ತೇಲಾಡುವ ಕೊಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲೇ ತಳಕ್ಕಿಳಿಯುತ್ತದೆ. ಕರಗಿದ್ದು ಇಳಿಯದು. ಅದನ್ನು ತಿನ್ನಲು ಬ್ಯಾಕ್ಟೀರಿಯಾ ಬೇಕು. 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಇದರ ಕೀಲಿ ಹಿಡಿದರು. ಗಾಳಿ ಊದಿದ ಮೇಲೆ ತಳದಲ್ಲಿ ಉಳಿದ ಗಸಿಯನ್ನು ಚೆಲ್ಲದೆ, ಹೊಸ ಕೊಳಚೆಗೆ ಮತ್ತೆ ಸೇರಿಸಿದರು. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಗಂಟೆಗಳಲ್ಲಿ ಮುಗಿಯಿತು. ಜಾಡಿಯಲ್ಲಿರುವುದು ಅದೇ ಗಸಿ.

ಇನ್ನು ಸಮುದ್ರಕ್ಕೆ ಬಿಡುವುದು. ಡೀರ್ ಐಲ್ಯಾಂಡಿನ ಸುರಂಗ ಸಮುದ್ರತಳದ ಅಡಿಯಲ್ಲಿ ಸುಮಾರು 15 ಕಿಲೋಮೀಟರ್ ಹೋಗುತ್ತದೆ. ಅದರಲ್ಲಿ ನೀರು ಬಿಡಲು ಶುರುವಾದದ್ದು 2000ದ ಸೆಪ್ಟೆಂಬರಿನಲ್ಲಿ. ಅದನ್ನು ಮುಗಿಸುವ ಹೊತ್ತಿಗೆ, 1999ರಲ್ಲಿ, ಮುಚ್ಚಳ ತೆಗೆಯಲು ಒಳಗೆ ಹೋದ ಇಬ್ಬರು ಮುಳುಗುಗಾರರು ಉಸಿರಾಟದ ಗಾಳಿ ಕೈಕೊಟ್ಟು ಸತ್ತರು. ಇಂಥ ಕಾಮಗಾರಿ ಅಂದರೆ ಅದೂ ಸೇರಿಯೇ. ಕೊನೆಯ ಎರಡು ಕಿಲೋಮೀಟರಿನಲ್ಲಿ 55 ಕೊಳವೆಗಳು ಮೇಲೆದ್ದಿವೆ. ಅವುಗಳ ಸಣ್ಣ ಸಣ್ಣ ಬಾಯಿಗಳಿಂದ ನೀರು ಚಿಮ್ಮುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ, ಅಲ್ವಾ? ಹಾಗಾಗಿ ಮೇಲೇರುತ್ತದೆ, ಏರುತ್ತಾ ಬೆರೆಯುತ್ತದೆ. ಬೇಸಿಗೆಯಲ್ಲಿ ಮೇಲಿನ ಬೆಚ್ಚಗಿನ ಪದರ ಅದನ್ನು ಕೆಳಗೇ ತಡೆಯುವುದೂ ಉಂಟು.

ಸಿಡ್ನಿ ಕೂಡ 1990ರ ಸುಮಾರಿಗೆ ಮೂರು ಆಳದ ಕೊಳವೆ ಹಾಕಿತು. ಕಡಲ ದಡಗಳು ಚೊಕ್ಕವಾದವು. ಆದರೆ ಆ ಘಟಕಗಳಲ್ಲಿ ಬ್ಯಾಕ್ಟೀರಿಯಾದ ಹಂತ ಇರಲಿಲ್ಲ. ಕೊಳವೆ ಕೊಳೆಯನ್ನು ಕಣ್ಣಿಂದ ದೂರ ಒಯ್ಯಿತು, ಕಡಿಮೆ ಮಾಡಲಿಲ್ಲ. ನನ್ನ ಪ್ರಕಾರ ಕೊಳವೆಯ ಉದ್ದ ಕೇಳುವ ಮೊದಲು, ಅದರೊಳಗೆ ಏನು ಹೋಗುತ್ತಿದೆ ಅಂತ ಕೇಳಬೇಕು.

ಈಗ ಜಾಡಿ ನೋಡಿ. ಗಸಿ ತಳಕ್ಕಿಳಿದಿದೆ, ಮೇಲಿನ ನೀರು ತಿಳಿಯಾಗಿದೆ. ಗಸಿಯಲ್ಲಿ ಬಹುಪಾಲು ಮತ್ತೆ ತೊಟ್ಟಿಗೆ ಹೋಗುತ್ತದೆ. ತಿಳಿನೀರು ಸಮುದ್ರಕ್ಕೆ. ಆದರೆ ಈ ತಿಳಿಯಲ್ಲಿ ನೈಟ್ರೋಜನ್ ಕರಗಿಕೊಂಡೇ ಇದೆ, ಕಣ್ಣಿಗೆ ಕಾಣದು. ಕೆರೆಯಲ್ಲಿ ಪಾಚಿ ಹೆಚ್ಚಿಸುವುದು ಸಾಮಾನ್ಯವಾಗಿ ರಂಜಕ, ಕಡಲಲ್ಲಿ ನೈಟ್ರೋಜನ್. ಅದನ್ನು ತೆಗೆಯಲು ಇನ್ನೊಂದು ತೊಟ್ಟಿ ಬೇಕು, ಗಾಳಿ ಊದದ ತೊಟ್ಟಿ. ಅದು ಯಾಕೆ ಅಂತ ಯಾರಾದರೂ ಕೇಳುತ್ತೀರಾ?