ಅಜ್ಜನ ಹೆಸರಿನ ಪಹಣಿ, ಮೊಮ್ಮಗನ ಸಬ್ಸಿಡಿ

ಎಲ್ಲರಿಗೂ ನಮಸ್ಕಾರ. ಕೊಟ್ಟಿಗೆ ಕೆಲಸ ಮುಗಿಸಿ, ಕೈಕಾಲು ತೊಳೆದುಕೊಂಡು, ರೇಡಿಯೋ ಹಾಕಿಕೊಂಡು ಕೂತಿದ್ದೀರಿ ಅಂದುಕೊಳ್ಳುತ್ತೇನೆ. ನಾನೂ ತೀರ್ಥಹಳ್ಳಿ ತಾಲ್ಲೂಕಿನವಳೇ. ಒಂದೂವರೆ ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ, ಎರಡು ಹಸು, ಇಷ್ಟು ನಮ್ಮ ಬದುಕು. ಇವತ್ತು ಸರ್ಕಾರದ ಸಹಾಯಧನದ ಬಗ್ಗೆ, ನಾವು ಸಬ್ಸಿಡಿ ಅಂತೀವಲ್ಲ, ಅದರ ಬಗ್ಗೆ ಮಾತಾಡಬೇಕು. ಯೋಜನೆಗಳ ಪಟ್ಟಿ ಓದಲು ಬಂದಿಲ್ಲ. ಪಟ್ಟಿ ರೈತ ಸಂಪರ್ಕ ಕೇಂದ್ರದ ಗೋಡೆ ಮೇಲೇ ಇರುತ್ತದೆ. ಆ ದುಡ್ಡು ನಮ್ಮ ಮಲೆನಾಡಿನ ಮನೆಗಳಿಗೆ ಬರುವ ದಾರಿಯಲ್ಲಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಅದನ್ನು ಹೇಳಬೇಕು.

ನಮ್ಮ ಮನೆಯದ್ದೇ ಹೇಳುತ್ತೇನೆ. ತೋಟಕ್ಕೆ ಹನಿ ನೀರಾವರಿ ಮಾಡಿಸೋಣ ಅಂತ ನಾನು, ನಮ್ಮ ಯಜಮಾನರು ತೋಟಗಾರಿಕೆ ಇಲಾಖೆಗೆ ಹೋದೆವು. ಅಲ್ಲಿದ್ದವರು ಚೆನ್ನಾಗಿಯೇ ಮಾತಾಡಿದರು. ಎರಡು ಹೆಕ್ಟೇರ್‌ವರೆಗೆ ಶೇ. 90 ಸಹಾಯಧನ ಇದೆ, ಅರ್ಜಿ ಕೊಡಿ ಅಂದರು. ಆಮೇಲೆ ಎಫ್‌ಐಡಿ ನಂಬರ್, ಅಂದರೆ ರೈತರ ಗುರುತಿನ ಸಂಖ್ಯೆ ಕೇಳಿದರು. ಅದಿರಲಿಲ್ಲ. ಮಾಡಿಸೋಣ ಅಂತ ಪಹಣಿ ತೆಗೆಸಿದೆವು. ಮಾಲೀಕರ ಹೆಸರಿರುವ ಒಂಬತ್ತನೇ ಕಾಲಂ ನೋಡಿದರೆ ನಮ್ಮ ಮಾವನವರ ಅಪ್ಪನ ಹೆಸರು. ಅವರು ತೀರಿಕೊಂಡು ಮೂವತ್ತು ವರ್ಷದ ಮೇಲಾಗಿದೆ. ಮಾವನವರೂ ಇಲ್ಲ. ಅಣ್ಣ ತಮ್ಮಂದಿರು ಬಾಯಿ ಮಾತಲ್ಲಿ ಪಾಲು ಮಾಡಿಕೊಂಡು, ಅವರವರ ತೋಟ ಅವರವರು ಮಾಡಿಕೊಂಡು ಬಂದಿದ್ದಾರೆ. ಜಗಳ ಇಲ್ಲ, ತಕರಾರಿಲ್ಲ. ಕಾಗದದಲ್ಲಿ ಮಾತ್ರ ಇನ್ನೂ ಅಜ್ಜನೇ ಸಾಗುವಳಿ ಮಾಡುತ್ತಿದ್ದಾರೆ.

ಇದು ನಮ್ಮೊಬ್ಬರ ಮನೆ ಕಥೆ ಅಲ್ಲ, ಅಲ್ವಾ? ನಿಮ್ಮ ಕೇರಿಯಲ್ಲಿ ಎಣಿಸಿ ನೋಡಿ, ಎಷ್ಟು ಮನೆ ಪಹಣಿ ಸತ್ತವರ ಹೆಸರಲ್ಲಿದೆ ಅಂತ.

ಪೌತಿ ಖಾತೆ ಮಾಡಿಸಲು, ಅಂದರೆ ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಬರೆಸಲು, ನಮಗೆ ಒಂದು ವರ್ಷದ ಮೇಲೆ ಹಿಡಿಯಿತು. ಅಜ್ಜನ ಮರಣ ಪತ್ರ ಯಾರೂ ಮಾಡಿಸಿರಲಿಲ್ಲ. ವಂಶವೃಕ್ಷ ಬೇಕು. ಅಜ್ಜನ ಹೆಣ್ಣುಮಕ್ಕಳೂ ವಾರಸುದಾರರೇ, ಅವರನ್ನು ಬಿಟ್ಟು ಬರೆಸುವ ಹಾಗಿಲ್ಲ, ಬಿಡಲೂ ಬಾರದು. ಒಬ್ಬ ಸೋದರತ್ತೆ ಕೊಪ್ಪದಲ್ಲಿ, ಇನ್ನೊಬ್ಬರು ಬೆಂಗಳೂರಲ್ಲಿ ಮಗನ ಮನೆಯಲ್ಲಿ. ಇಬ್ಬರೂ ಖುಷಿಯಿಂದಲೇ ಸಹಿ ಹಾಕಿದರು, ಆದರೆ ಓಡಾಟ ಓಡಾಟವೇ. ನಾಡಕಚೇರಿ, ತಾಲ್ಲೂಕು ಕಚೇರಿ, ಜೆರಾಕ್ಸ್ ಅಂಗಡಿ, ಮತ್ತೆ ನಾಡಕಚೇರಿ. ಒಂದು ದಿನ ಹೋದರೆ ಒಂದು ದಿನದ ಕೂಲಿ ಹೋದ ಹಾಗೆ. ಈಗ ಕಂದಾಯ ಇಲಾಖೆಯವರು ಇ-ಪೌತಿ ಅಂತ ಆಂದೋಲನವನ್ನೇ ಶುರು ಮಾಡಿದ್ದಾರೆ. ನಿಮ್ಮ ಗ್ರಾಮ ಆಡಳಿತಾಧಿಕಾರಿ ಬಂದು ಕೇಳಿದರೆ, ಇವತ್ತು ಪುರುಸೊತ್ತಿಲ್ಲ ಅಂತ ಕಳಿಸಬೇಡಿ. ಪೌತಿಯಲ್ಲಿ ಎಲ್ಲ ವಾರಸುದಾರರ ಹೆಸರೂ ಜಂಟಿಯಾಗಿ ಬರುತ್ತದೆ, ಅದರಿಂದ ಯಾರ ಪಾಲೂ ಹೋಗುವುದಿಲ್ಲ. ಬೇರೆ ಬೇರೆ ಪಹಣಿ ಬೇಕು ಅಂದರೆ ಆಮೇಲೆ ಜಮೀನು ಭಾಗ ಮಾಡುವ ಸರ್ವೆ ನಕ್ಷೆ, 11ಇ ಅಂತಾರಲ್ಲ, ಅದನ್ನು ಮಾಡಿಸಿ, ವಿಭಾಗ ಪತ್ರ ನೋಂದಣಿ ಮಾಡಿಸಿಕೊಳ್ಳಬಹುದು. ಮೊದಲು ಸತ್ತವರ ಹೆಸರು ಹೋಗಿ ಬದುಕಿರುವವರ ಹೆಸರು ಬರಲಿ.

ಕಿಸಾನ್ ಸಮ್ಮಾನ್ ದುಡ್ಡಿಗೂ ಇದೇ ಗಂಟು. ವರ್ಷಕ್ಕೆ 6,000 ರೂಪಾಯಿ, ಮೂರು ಕಂತು, ತಲಾ 2,000. 2019ರಲ್ಲಿ ಶುರುವಾಯಿತು. ಅದರಲ್ಲಿ ಒಂದು ನಿಯಮ ಇದೆ, ಬಹಳ ಜನರಿಗೆ ಗೊತ್ತಿಲ್ಲ. 2019ರ ಫೆಬ್ರವರಿ 1ಕ್ಕೆ ಜಮೀನು ಯಾರ ಹೆಸರಲ್ಲಿತ್ತು ಅಂತ ಲೆಕ್ಕ. ಅದಾದ ಮೇಲೆ ಕೊಂಡುಕೊಂಡವರಿಗೆ ಬರಲ್ಲ, ಆದರೆ ಖಾತೆದಾರರು ತೀರಿಕೊಂಡು ವಾರಸಿನಿಂದ ಬಂದ ಜಮೀನಿಗೆ ವಿನಾಯಿತಿ ಇದೆ. ಗಂಡ ತೀರಿಕೊಂಡ ಹೆಣ್ಣುಮಕ್ಕಳು ಇದನ್ನು ಗಮನಿಸಿ. ಗಂಡನ ಹೆಸರಿಗೆ ಬರುತ್ತಿದ್ದ ಕಂತು ನಿಂತಿತು ಅಂತ ಕೈ ಬಿಡಬೇಡಿ. ಪೌತಿ ಮಾಡಿಸಿ, ನಿಮ್ಮ ಹೆಸರಲ್ಲಿ ಹೊಸ ಅರ್ಜಿ ಹಾಕಿ.

ಎಫ್‌ಐಡಿ ಅಂದೆನಲ್ಲ, ಈಗ ಅದರ ವಿಚಾರ ಹೇಳುತ್ತೇನೆ. ಫ್ರೂಟ್ಸ್ ಅನ್ನುವ ತಂತ್ರಾಂಶದಲ್ಲಿ ಒಂದು ಸಲ ನೋಂದಣಿ ಆದರೆ ಕೃಷಿ, ತೋಟಗಾರಿಕೆ, ಪಶುಸಂಗೋಪನೆ, ರೇಷ್ಮೆ, ಎಲ್ಲ ಇಲಾಖೆಗೂ ಅದೇ ನಂಬರ್ ನಡೆಯುತ್ತದೆ. ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್, ಫೋಟೋ ಹಿಡಿದುಕೊಂಡು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ಮಾಡಿಕೊಡುತ್ತಾರೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ಜಾತಿ ಪ್ರಮಾಣಪತ್ರದ ವಿವರವನ್ನೂ ಸೇರಿಸಲೇಬೇಕು, ಯಾಕೆಂದರೆ ಹಲವು ಯೋಜನೆಗಳಲ್ಲಿ ಅವರಿಗೆ ಪಾಲು ಜಾಸ್ತಿ. ಕೃಷಿ ಯಂತ್ರಗಳಿಗೆ ಸಾಮಾನ್ಯ ವರ್ಗಕ್ಕೆ ಶೇ. 50 ಇದ್ದರೆ ಅವರಿಗೆ ಶೇ. 90.

ಇನ್ನೊಂದು ವಿಷಯ. ಎಫ್‌ಐಡಿ ಇದೆ ಅಂದರೆ ಸಾಲದು, ನಿಮ್ಮ ಎಲ್ಲ ಸರ್ವೆ ನಂಬರೂ ಅದರಲ್ಲಿ ಸೇರಿರಬೇಕು. ನಮ್ಮ ಕಡೆ ಜಮೀನು ಒಂದೇ ಕಡೆ ಇರಲ್ಲ. ಮನೆ ಹಿಂದೆ ಹತ್ತು ಗುಂಟೆ, ಹಳ್ಳದಾಚೆ ಇಪ್ಪತ್ತು ಗುಂಟೆ, ಪಕ್ಕದ ಗ್ರಾಮದಲ್ಲಿ ಒಂದು ಗದ್ದೆ. ನೋಂದಣಿ ಮಾಡುವಾಗ ಒಂದು ಪಹಣಿ ಕೊಟ್ಟು ಬಂದಿರುತ್ತೇವೆ. 2023ರಲ್ಲಿ ಬರ ಬಿತ್ತಲ್ಲ, ಆಗ ಪರಿಹಾರದ ದುಡ್ಡು ಹಾಕಿದ್ದು ಫ್ರೂಟ್ಸ್‌ನಲ್ಲಿದ್ದ ಮಾಹಿತಿ ನೋಡಿಯೇ. ಅದರಲ್ಲಿ ಇಲ್ಲದ ಜಮೀನು ಸರ್ಕಾರದ ಕಣ್ಣಿಗೆ ಇಲ್ಲದ ಹಾಗೆಯೇ.

ಇನ್ನು ಬೆರಳಚ್ಚು. ನಮ್ಮ ಅತ್ತೆಯವರಿಗೆ ಎಪ್ಪತ್ತು ದಾಟಿದೆ. ಚಿಕ್ಕ ವಯಸ್ಸಿನಿಂದ ಮೆಟ್ಟುಕತ್ತಿ ಮೇಲೆ ಕೂತು ಅಡಿಕೆ ಸುಲಿದ ಕೈ. ಚೊಗರು ಹತ್ತಿ ಹೆಬ್ಬೆರಳು ಕಪ್ಪಾಗಿದೆ, ಗೆರೆಗಳು ಸವೆದು ನುಣ್ಣಗಾಗಿವೆ. ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತು ಖಚಿತ ಮಾಡಿಸಲು ಹೋದರೆ ಯಂತ್ರ ಬೆರಳನ್ನು ಹಿಡಿಯಲೇ ಇಲ್ಲ. ಒರೆಸಿ ಇಟ್ಟರು, ಎಣ್ಣೆ ಹಚ್ಚಿ ಇಟ್ಟರು, ಹತ್ತು ಬೆರಳೂ ಇಟ್ಟರು. ಅಲ್ಲಿದ್ದ ಹುಡುಗ, ಆಗಲ್ಲ ಅಜ್ಜಿ, ನಾಳೆ ಬನ್ನಿ ಅಂದ. ನಾಳೆ ಬಂದರೆ ಬೆರಳು ಬೇರೆ ಆಗುತ್ತಾ? ಅಷ್ಟು ವರ್ಷ ದುಡಿದ ಕೈಯನ್ನೇ, ಇವರು ರೈತರು ಅಂತ ಯಂತ್ರ ಒಪ್ಪಲಿಲ್ಲವಲ್ಲ ಅಂತ ನನಗೆ ಬಹಳ ಸಂಕಟ ಆಯಿತು. 2023ರಿಂದ ಕಿಸಾನ್ ಸಮ್ಮಾನ್ ಆ್ಯಪ್‌ನಲ್ಲಿ ಮುಖ ತೋರಿಸಿ ಇ-ಕೆವೈಸಿ ಮಾಡುವ ವ್ಯವಸ್ಥೆ ಬಂದಿದೆ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇರುವ ಮಕ್ಕಳು ಅಂಗಳದ ಬೆಳಕಲ್ಲಿ ಕೂರಿಸಿ ಮಾಡಬಹುದು. ನಮ್ಮ ಅತ್ತೆಯವರದ್ದು ಹಾಗೇ ಆಯಿತು. ನಿಮ್ಮ ಮನೆ ಹಿರಿಯರಿಗೂ, ನೆರೆಮನೆಯವರಿಗೂ ಮಾಡಿಕೊಡಿ.

ದುಡ್ಡು ಬಂದಿಲ್ಲ, ಬಂದಿಲ್ಲ ಅಂತ ಬ್ಯಾಂಕಿಗೆ ಅಲೆಯುವವರು ಒಂದು ಕೇಳಿಕೊಳ್ಳಿ. ಆಧಾರ್ ಮೂಲಕ ಬರುವ ಹಣ ನೀವು ಕೊನೆಗೆ ಯಾವ ಖಾತೆಗೆ ಆಧಾರ್ ಜೋಡಿಸಿದ್ದೀರೋ ಅಲ್ಲಿಗೆ ಹೋಗುತ್ತದೆ. ಅರ್ಜಿಯಲ್ಲಿ ಸೊಸೈಟಿ ಪಾಸ್‌ಬುಕ್ ಕೊಟ್ಟಿರುತ್ತೀರಿ, ಆಮೇಲೆ ಸಂಘದ ಸಾಲಕ್ಕೆ ಅಂತ ಬೇರೆ ಬ್ಯಾಂಕಲ್ಲಿ ಖಾತೆ ತೆಗೆದಿರುತ್ತೀರಿ, ಹಣ ಅಲ್ಲಿ ಕೂತಿರುತ್ತದೆ. ಆ ಪಾಸ್‌ಬುಕ್ಕನ್ನೂ ಒಮ್ಮೆ ಎಂಟ್ರಿ ಹಾಕಿಸಿ ನೋಡಿ.

ಈಗ ಬೆಳೆ ವಿಮೆಗೆ ಬರೋಣ. ನಮಗೆ ಕೊಳೆರೋಗ ಗೊತ್ತು, ಈಗ ಎಲೆಚುಕ್ಕಿ ಬೇರೆ. ಬೋರ್ಡೋ ಔಷಧಿ ಹೊಡೆಸಬೇಕು ಅಂದರೆ ಮಳೆ ಬಿಡಬೇಕು, ಮರ ಹತ್ತುವ ಕೊನೆಗಾರ ಸಿಗಬೇಕು. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆಗೆ ಈಚಿನ ವರ್ಷಗಳಲ್ಲಿ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ರೈತರು ಕಟ್ಟುವ ಪಾಲು ಶೇ. 5, ಅಂದರೆ 6,400. ಎಕರೆ ಲೆಕ್ಕ ಹಾಕಿದರೆ ಸುಮಾರು 2,600. ಪ್ರೀಮಿಯಂನ ಉಳಿದ ಭಾಗವನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಕಟ್ಟುತ್ತವೆ. ಕಾಳುಮೆಣಸಿಗೂ ಇದೆ. ಇದೂ ಒಂದು ಸಬ್ಸಿಡಿಯೇ, ನಾವು ಹಾಗೆ ನೋಡುವುದಿಲ್ಲ ಅಷ್ಟೇ.

ಆದರೆ ಇದರಲ್ಲಿ ನಿಮ್ಮ ತೋಟಕ್ಕೆ ಯಾರೂ ಬಂದು ಉದುರಿದ ಕಾಯಿ ಎಣಿಸುವುದಿಲ್ಲ. ಪಂಚಾಯಿತಿ ಮಟ್ಟದ ಮಳೆಮಾಪನ ಕೇಂದ್ರದಲ್ಲಿ ಎಷ್ಟು ಮಳೆ ದಾಖಲಾಗಿದೆ ಅನ್ನುವುದರ ಮೇಲೆ ಪರಿಹಾರ. ನಮ್ಮಲ್ಲಿ ಗುಡ್ಡದ ಈಚೆ ಸುರಿದರೆ ಆಚೆ ಬರೀ ಮೋಡ. ಹಾಗಾಗಿ ತೋಟ ಹಾಳಾದರೂ ಹಣ ಬರದೇ ಇರಬಹುದು, ಪಕ್ಕದ ಪಂಚಾಯಿತಿಗೆ ಬರಬಹುದು. ಇದನ್ನು ತಿಳಿದೇ ಕಟ್ಟಬೇಕು. ನಾನು ಪ್ರತಿವರ್ಷ ಕಟ್ಟುತ್ತೇನೆ, ಕಟ್ಟಿ ಅಂತಲೇ ಹೇಳುತ್ತೇನೆ.

ಒಂದು ವರ್ಷ ನಮಗೆ ಬರಬೇಕಾದ್ದು ಬರಲಿಲ್ಲ. ಊರಲ್ಲಿ ಎಲ್ಲರಿಗೂ ಬಂತು, ನಮಗಿಲ್ಲ. ಹುಡುಕಿಕೊಂಡು ಹೋದರೆ, ಬೆಳೆ ಸಮೀಕ್ಷೆಯಲ್ಲಿ ನಮ್ಮ ಕೆಳಗಿನ ತೋಟ ಭತ್ತ ಅಂತ ದಾಖಲಾಗಿತ್ತು. ಒಂಬತ್ತು ವರ್ಷದ ಹಿಂದೆ ಗದ್ದೆ ತೆಗೆದು ಅಡಿಕೆ ಹಾಕಿದ ಜಾಗ ಅದು. ಸಮೀಕ್ಷೆಗೆ ಬಂದವರು ರಸ್ತೆ ಬದಿಯಿಂದಲೇ ಪಕ್ಕದವರ ಗದ್ದೆ ಫೋಟೋ ತೆಗೆದುಕೊಂಡು ಹೋಗಿದ್ದರು. ವಿಮೆ ಅರ್ಜಿಯಲ್ಲಿ ಅಡಿಕೆ, ಸಮೀಕ್ಷೆಯಲ್ಲಿ ಭತ್ತ, ತಾಳೆ ಆಗಲಿಲ್ಲ, ಅರ್ಜಿ ವಜಾ. ಮರದ ಬುಡದಲ್ಲಿ ನಿಂತು ಕೊಳೆತು ಉದುರಿದ ಕಾಯಿ ಬಾಚಿದವಳು ನಾನು. ಮೊಬೈಲ್‌ನಲ್ಲಿ ಅಲ್ಲಿ ಅಡಿಕೆಯೇ ಇಲ್ಲ! ಆಕ್ಷೇಪಣೆ ಸಲ್ಲಿಸಲು ಅವಕಾಶ ಇತ್ತಂತೆ. ನಮಗೆ ಗೊತ್ತಾಗುವಷ್ಟರಲ್ಲಿ ದಿನ ಮುಗಿದಿತ್ತು.

ಅಂದಿನಿಂದ ಸಮೀಕ್ಷೆಯನ್ನು ನಾವೇ ಮಾಡುತ್ತೇವೆ. ರೈತರಿಗೆ ಅಂತಲೇ ಬೆಳೆ ಸಮೀಕ್ಷೆ ಆ್ಯಪ್ ಇದೆ. ಆಯಾ ಸರ್ವೆ ನಂಬರ್ ಒಳಗೆ ನಿಂತುಕೊಂಡೇ ಫೋಟೋ ತೆಗೆಯಬೇಕು. ಸಿಗ್ನಲ್ ಸಿಗದಿದ್ದರೆ ಫೋಟೋ ತೆಗೆದಿಟ್ಟುಕೊಂಡು, ಸಿಗ್ನಲ್ ಸಿಗುವ ಗುಡ್ಡದ ತಲೆಗೆ ಹೋಗಿ ಕಳಿಸಿದರಾಯಿತು. ಅಡಿಕೆ ನಡುವೆ ಮೆಣಸಿನ ಬಳ್ಳಿ, ಬಾಳೆ ಇದ್ದರೆ ಅದನ್ನೂ ಸೇರಿಸಿ.

ಹನಿ ನೀರಾವರಿ ಕಥೆ ಅರ್ಧಕ್ಕೆ ಬಿಟ್ಟೆ. ಕೊನೆಗೂ ಆಯಿತು. ಅದರಿಂದ ಕಲಿತ ಎರಡು ಮಾತು. ಶೇ. 90 ಅಂದರೆ ಅಂಗಡಿ ಬಿಲ್ಲಿನ ಶೇ. 90 ಅಲ್ಲ. ಸರ್ಕಾರ ಒಂದು ಘಟಕ ವೆಚ್ಚ ಗೊತ್ತು ಮಾಡಿರುತ್ತದೆ, ಅದರ ಶೇ. 90. ನೀವು ಜಾಸ್ತಿ ಬೆಲೆಯ ಪೈಪ್ ಹಾಕಿಸಿದರೆ ಆ ಜಾಸ್ತಿ ನಿಮ್ಮ ಕೈಯಿಂದ. ಎರಡನೆಯದು, ಮೊದಲು ಕೊಂಡು ಆಮೇಲೆ ಕೇಳಬೇಡಿ. ಅರ್ಜಿ, ಇಲಾಖೆಯ ಒಪ್ಪಿಗೆ, ಕಾರ್ಯಾದೇಶ, ಆಮೇಲೆ ಕೆಲಸ, ಅದೂ ಇಲಾಖೆ ಒಪ್ಪಿದ ಕಂಪನಿಯಿಂದ. ನಮ್ಮೂರಲ್ಲಿ ಒಬ್ಬರು ಬೇಸಿಗೆ ಬಂತು ಅಂತ ಅವಸರ ಮಾಡಿ ತಾವೇ ಪೈಪ್ ಹಾಕಿಸಿ, ಬಿಲ್ ಹಿಡಿದುಕೊಂಡು ಹೋದರು. ಒಂದು ರೂಪಾಯಿ ಬರಲಿಲ್ಲ. ಒಮ್ಮೆ ಪಡೆದ ಜಾಗಕ್ಕೆ ಮತ್ತೆ ಏಳು ವರ್ಷ ಸಿಗುವುದಿಲ್ಲ, ಅದಕ್ಕೇ ಸರಿಯಾಗಿ ಮಾಡಿಸಿಕೊಳ್ಳಿ.

ಹಸು ಸಾಕಿದವರಿಗೆ ಕ್ಷೀರಧಾರೆ ಗೊತ್ತೇ ಇದೆ, ಡೇರಿಗೆ ಹಾಕಿದ ಲೀಟರಿಗೆ 5 ರೂಪಾಯಿ ಸರ್ಕಾರದ ಪ್ರೋತ್ಸಾಹಧನ. ಆಡು, ಕುರಿ ಘಟಕಕ್ಕೆ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಶೇ. 50 ಸಹಾಯಧನ ಇದೆ. ಆದರೆ ಅಲ್ಲಿ ಚಿಕ್ಕ ಘಟಕ ಅಂದರೇ 100 ಹೆಣ್ಣು, 5 ಗಂಡು. ನಮ್ಮ ಮಳೆಗಾಲದಲ್ಲಿ ನೂರು ಆಡನ್ನು ಒಣಗಿದ ನೆಲದ ಮೇಲೆ ನಿಲ್ಲಿಸುವುದು ಸುಲಭ ಅಲ್ಲ. ಮೊದಲು ನಾಲ್ಕೈದು ಆಡು ಸಾಕಿ, ಒಂದು ಮಳೆಗಾಲ ದಾಟಿಸಿ, ಆಮೇಲೆ ಬ್ಯಾಂಕ್ ಸಾಲದ ಮಾತು. ಸಬ್ಸಿಡಿ ಇದೆ ಅಂತ ಗೊತ್ತಿಲ್ಲದ ಕಸುಬಿಗೆ ಕೈ ಹಾಕಿ ಸೋತ ಮನೆಗಳನ್ನು ನಾನು ನೋಡಿದ್ದೇನೆ.

ಪಹಣಿಯೇ ಇಲ್ಲದ ಹೆಣ್ಣುಮಕ್ಕಳಿಗೆ ಒಂದು ದಾರಿ ಇದೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುತ್ತೀರಲ್ಲ, ಅಂಥ ಸಣ್ಣ ಆಹಾರ ಘಟಕಗಳಿಗೆ ಪಿಎಂಎಫ್‌ಎಂಇ ಅನ್ನುವ ಯೋಜನೆಯಲ್ಲಿ ಕೇಂದ್ರದ ಶೇ. 35, ಅದರ ಮೇಲೆ ನಮ್ಮ ರಾಜ್ಯದ ಶೇ. 15, ಒಟ್ಟು ಅರ್ಧ ಸಹಾಯಧನ, ಗರಿಷ್ಠ 15 ಲಕ್ಷ. ಸ್ವಸಹಾಯ ಸಂಘದವರಾದರೆ ಸದಸ್ಯರಿಗೆ ತಲಾ 40,000 ರೂಪಾಯಿವರೆಗೆ ಮೂಲ ಬಂಡವಾಳವೂ ಇದೆ. ಕೃಷಿ ಇಲಾಖೆಯಲ್ಲಿ ಕೇಳಿ.

ಕೊನೆಗೆ, ನನ್ನ ಮನಸ್ಸಲ್ಲಿ ಕೂತಿರುವ ಒಂದು ವಿಷಯ. ಮಲೆನಾಡಲ್ಲಿ ಸಾವಿರಾರು ಕುಟುಂಬಗಳಿಗೆ ತೋಟ ಇದೆ, ಪಹಣಿ ಇಲ್ಲ. ಬಗರ್ ಹುಕುಂ ಸಾಗುವಳಿ, ಅಂದರೆ ಸರ್ಕಾರಿ ಜಾಗದಲ್ಲಿ ಮಂಜೂರಾತಿ ಇಲ್ಲದೆ ಮಾಡಿಕೊಂಡು ಬಂದ ಸಾಗುವಳಿ. 1991ರಲ್ಲಿ ನಮೂನೆ 50, 1998ರಲ್ಲಿ 53, 2018ರಲ್ಲಿ 57, ಮೂರೂ ಸಲ ಸಕ್ರಮಕ್ಕೆ ಅರ್ಜಿ ಹಾಕಿ ಕಾಯುತ್ತಿರುವವರಿದ್ದಾರೆ. ಲಿಂಗನಮಕ್ಕಿ ಆಣೆಕಟ್ಟು ಮುಗಿದದ್ದು 1964ರಲ್ಲಿ. ನಾಡಿಗೆ ಬೆಳಕು ಕೊಡಲು ಊರು ಬಿಟ್ಟು ಬಂದವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರ ಕೇಳುತ್ತಿದ್ದಾರೆ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದವರು 75 ವರ್ಷದ ದಾಖಲೆ ತೋರಿಸಬೇಕು. ಎಲ್ಲಿಂದ ತರುತ್ತಾರೆ? ಇವರಿಗೆ ಎಫ್‌ಐಡಿ ಇಲ್ಲ, ವಿಮೆ ಇಲ್ಲ, ಹನಿ ನೀರಾವರಿ ಇಲ್ಲ, ಬರ ಬಂದರೆ ಪರಿಹಾರ ಇಲ್ಲ. ಕೊಳೆರೋಗ ಮಾತ್ರ ಪಹಣಿ ಕೇಳದೆ ಅವರ ತೋಟಕ್ಕೂ ಬರುತ್ತದೆ. ಯೋಜನೆ ಮಾಡುವವರು ಇದನ್ನು ಕೇಳುತ್ತಿದ್ದರೆ, ಅರ್ಜಿ ಬಾಕಿ ಇರುವ ಸಾಗುವಳಿದಾರರಿಗೆ ಬೆಳೆ ಸಮೀಕ್ಷೆಯ ಆಧಾರದ ಮೇಲಾದರೂ ವಿಮೆ, ಔಷಧಿ ಸಹಾಯಧನ ಕೊಡಲಿ ಅಂತ ಕೈ ಮುಗಿದು ಕೇಳುತ್ತೇನೆ.

ನಮ್ಮ ಮೇಲಿನ ಮನೆಯಲ್ಲಿ ಒಬ್ಬರು ಅಕ್ಕ ಇದ್ದಾರೆ. ಗಂಡ ಹಾಕಿದ್ದ ನಮೂನೆ 53ರ ಸ್ವೀಕೃತಿ ಚೀಟಿಯನ್ನು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ, ಅಕ್ಕಿ ಡಬ್ಬದ ಅಡಿಯಲ್ಲಿ ಇಟ್ಟಿದ್ದಾರೆ. ಮಡಿಕೆಯಲ್ಲಿ ಅಕ್ಷರ ಅಳಿಸಿ ಹೋಗಿದೆ. ನಾನು ರೇಡಿಯೋದಲ್ಲಿ ಮಾತಾಡಲು ಹೋಗುತ್ತೇನೆ ಅಂದಾಗ ಅದನ್ನು ತಂದು ತೋರಿಸಿ, "ಇದರ ಬಗ್ಗೆನೂ ಒಂದು ಮಾತು ಹೇಳು ಮಾರಾಯ್ತಿ" ಅಂದರು. ಅಕ್ಕ, ಹೇಳಿದ್ದೇನೆ. ಆ ಚೀಟಿಯದ್ದು ಎರಡು ಜೆರಾಕ್ಸ್ ಮಾಡಿಸಿ ಇಡೋಣ, ಸೋಮವಾರ ಪೇಟೆಗೆ ಹೋಗುವಾಗ ನನ್ನ ಜೊತೆಗೇ ಬನ್ನಿ.

ನಮಸ್ಕಾರ.