ಮೊದಲು ಗ್ರಾಫ್ ತೋರಿಸಿ, ಪೀಠಿಕೆ ಆಮೇಲೆ

(ಸಂಶೋಧನಾ ಪೇಪರ್ ಬರೆಯುವ ಬಗ್ಗೆ ಹಾಸನದಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳು ಮತ್ತು ಮಾರ್ಗದರ್ಶಕರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಕಾರೇಕೆರೆ ಕೃಷಿ ಕಾಲೇಜಿನವರಿದ್ದೀರಿ, ಬಾಳೆಹೊನ್ನೂರು ಕಡೆಯ ಕಾಫಿ ಸಂಶೋಧನಾ ಸಂಸ್ಥೆಯಿಂದ ಬಂದವರೂ ಇದ್ದೀರಿ. ಹಾಗಾಗಿ ಉದಾಹರಣೆಗೆ ಕಾಫಿ ತೋಟಕ್ಕೇ ಹೋಗೋಣ.

ಕಾಫಿ ಮೇಲೆ ಕೆಲಸ ಮಾಡುವವರ ಮೊದಲ ಡ್ರಾಫ್ಟ್ ಎಷ್ಟೋ ಸಲ ಬಾಬಾ ಬುಡನ್ ತಂದರೆನ್ನುವ ಏಳು ಬೀಜದಿಂದ ಶುರುವಾಗುತ್ತದೆ. ಆಮೇಲೆ ದೇಶದ ರಫ್ತು, ಆಮೇಲೆ ಕರ್ನಾಟಕದ ಪಾಲು. ಅವರ ನಿಜವಾದ ವಿಷಯ, ಕಾಫಿ ಕಾಂಡ ಕೊರೆಯುವ ಕೀಟ ಬಿಳಿ ಕಾಂಡಕೊರಕ, ಅಂದರೆ ಬೆಳೆಗಾರರು ಹೇಳುವ ಬೋರರ್, ಬರುವಷ್ಟರಲ್ಲಿ ಮೂರನೇ ಪುಟ. ಜರ್ನಲ್ ಸಂಪಾದಕರು ಅಲ್ಲಿಯವರೆಗೆ ಕಾಯುವುದಿಲ್ಲ. ರಿವ್ಯೂಗೂ, ಅಂದರೆ ಬೇರೆ ತಜ್ಞರ ಪರಿಶೀಲನೆಗೂ, ಕಳಿಸದೆ ವಾಪಸ್ ಮಾಡುತ್ತಾರೆ.

ಇದರಲ್ಲಿ ವಿದ್ಯಾರ್ಥಿಯ ತಪ್ಪು ಕಡಿಮೆ. ನಾವು ಕಲಿಸುವ ಕ್ರಮವೇ ಉಲ್ಟಾ. ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಅನ್ನೋದು ಓದುವವರಿಗೆ ಮಾಡಿದ ಕ್ರಮ. ಬರೆಯುವವರೂ ಅದೇ ಸಾಲಿನಲ್ಲಿ ಹೋಗಬೇಕಿಲ್ಲ. ನಾನು ಕೇಳುವುದು ಇಷ್ಟು: ಮೊದಲು ಒಂದು ಗ್ರಾಫ್ ಅಥವಾ ಟೇಬಲ್ ತನ್ನಿ. ಅದರಲ್ಲಿ ಏನು ಸಿಕ್ಕಿದೆ ಅಂತ ಒಂದೇ ವಾಕ್ಯದಲ್ಲಿ, ಕನ್ನಡದಲ್ಲೇ ಹೇಳಿ. ಹೇಳಲು ಬಂದರೆ ಪೇಪರ್ ಇದೆ. ಬರದಿದ್ದರೆ ಸುಮ್ನೆ ಇಂಗ್ಲಿಷ್ ತಿದ್ದಿ ಪ್ರಯೋಜನವಿಲ್ಲ. ಆಮೇಲೆ ಫಲಿತಾಂಶ, ಚರ್ಚೆ ಬರೆಯಿರಿ. ಪೀಠಿಕೆ ಕೊನೆಗೆ, ಸಾರಾಂಶ ಅದಕ್ಕೂ ಕೊನೆಗೆ. ವಿಧಾನವನ್ನಂತೂ ಪ್ರಯೋಗ ನಡೆಯುವಾಗಲೇ ಬರೆದಿಡಿ. ಗಿಡಗಳನ್ನು ಹೇಗೆ ಆರಿಸಿದಿರಿ ಅನ್ನೋದು ಎರಡು ವರ್ಷ ಬಿಟ್ಟು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ.

ಈಗ ಒಂದು ವಾಕ್ಯ ನೋಡೋಣ. 'ನೆರಳು ಬೋರರ್ ಹಾವಳಿಯನ್ನು ಕಡಿಮೆ ಮಾಡಿತು.' ಚೆನ್ನಾಗಿದೆ, ಅಲ್ವಾ? ಬಿಸಿಲು ಬೀಳುವ ಕಾಂಡವೆಂದರೆ ಬೋರರ್ ದುಂಬಿಗೆ ಇಷ್ಟ, ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಹಾಗಾಗಿ ನಂಬಲೂ ಸುಲಭ. ಆದರೆ ಬರೆದವರು ಮಾಡಿದ್ದು ತೋಟ ತೋಟಕ್ಕೆ ಹೋಗಿ ನೆರಳು ಅಳೆದು, ಬೋರರ್ ಬಿದ್ದ ಗಿಡ ಎಣಿಸಿದ್ದು, ಅಷ್ಟೇ ಅಂದುಕೊಳ್ಳಿ. ನೆರಳನ್ನು ತಾವೇ ಹೆಚ್ಚು ಕಡಿಮೆ ಮಾಡಿ ನೋಡಿಲ್ಲ. ದುಂಬಿ ಹಾರುವುದು ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್‌ನಲ್ಲಿ. ನೆರಳನ್ನು ಜೋಪಾನವಾಗಿ ಉಳಿಸಿಕೊಂಡ ಬೆಳೆಗಾರರು ಅದಕ್ಕೆ ಮುಂಚೆಯೇ ಬೋರರ್ ಗಿಡ ಹುಡುಕಿ, ಕೀಳಿಸಿ, ಸುಡಿಸಿರಲೂಬಹುದು. ಹಾಗಾದರೆ ಕೆಲಸ ಮಾಡಿದ್ದು ನೆರಳೋ, ಆಳುಗಳೋ? ಡೇಟಾ ಹೇಳುವುದು ಇಷ್ಟು: 'ನೆರಳು ಜಾಸ್ತಿ ಇದ್ದ ತೋಟಗಳಲ್ಲಿ ಬೋರರ್ ಬಿದ್ದ ಗಿಡಗಳು ಕಡಿಮೆ ಇದ್ದವು.' ಒಳ್ಳೆಯ ರಿವ್ಯೂವರ್ ಹಿಡಿಯುವುದು ಇಂಥ ಜಾಗವನ್ನೇ.

ಮಾರ್ಗದರ್ಶಕರಿಗೆ ಒಂದು ಮಾತು. ಇದನ್ನು ಪಿಪಿಟಿಯಲ್ಲಿ ಕಲಿಸಲು ಆಗುವುದಿಲ್ಲ. ಡ್ರಾಫ್ಟನ್ನು ಮನೆಗೆ ಒಯ್ದು ನೀವೇ ಪೂರ್ತಿ ಬರೆದುಕೊಟ್ಟರೆ ಪೇಪರ್ ಆಗುತ್ತದೆ, ವಿದ್ಯಾರ್ಥಿ ಇದ್ದಲ್ಲೇ ಇರುತ್ತಾರೆ. ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪ್ಯಾರಾ ತಿದ್ದಿ, ಯಾಕೆ ತಿದ್ದಿದಿರಿ ಅಂತ ಬಾಯಿಬಿಟ್ಟು ಹೇಳಿ. ಉಳಿದದ್ದನ್ನು ಅವರೇ ತಿದ್ದಿಕೊಂಡು ಬರಲಿ. ಟೈಮ್ ಹಿಡಿಯುತ್ತದೆ, ಗೊತ್ತು.

ಇನ್ನು, ಎಲ್ಲಿಗೆ ಕಳಿಸುವುದು? 2016ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲಿ ಥೀಸಿಸ್ ಸಲ್ಲಿಸುವ ಮುಂಚೆ ಒಂದು ಪೇಪರ್ ಕಡ್ಡಾಯವಿತ್ತು. 2022ರ ನಿಯಮದಲ್ಲಿ ಆ ಕಡ್ಡಾಯ ಹೋಯಿತು. ನಿಮ್ಮ ವಿಶ್ವವಿದ್ಯಾಲಯ ಏನು ಹೇಳುತ್ತದೆ, ನೋಡಿಕೊಳ್ಳಿ. ದುಡ್ಡು ಕೊಟ್ಟರೆ ಮೂರೇ ದಿನದಲ್ಲಿ ಪ್ರಕಟಿಸುತ್ತೇವೆ ಅನ್ನುವ ಮೇಲ್ ನಿಮಗೂ ಬಂದಿರುತ್ತದೆ. ಒಪ್ಪಬಹುದಾದ ಜರ್ನಲ್ ಯಾವುವು ಅಂತ ಹೇಳುತ್ತಿದ್ದ ಯುಜಿಸಿ-ಕೇರ್ ಪಟ್ಟಿ 2025ರಲ್ಲಿ ನಿಂತಿತು, ಈಗ ಜರ್ನಲ್ ಆರಿಸುವ ಹೊಣೆ ನಿಮ್ಮದೇ. ನಾನು ನೋಡುವುದು ಒಂದೇ: ನಿಮ್ಮ ರೆಫರೆನ್ಸ್ ಪಟ್ಟಿಯಲ್ಲಿ ಒಮ್ಮೆಯೂ ಬಾರದ ಜರ್ನಲ್‌ಗೆ ಪೇಪರ್ ಯಾಕೆ ಕಳಿಸುತ್ತೀರಿ? ಓದಲು ಸಿಗುವುದಿಲ್ಲ ಅನ್ನುವ ಮಾತು ಸರ್ಕಾರಿ ಸಂಸ್ಥೆಯವರಿಗೆ ಇನ್ನು ಅಷ್ಟಾಗಿ ನಡೆಯುವುದಿಲ್ಲ. 2025ರ ಜನವರಿಯಿಂದ, ಕೇಂದ್ರ ಸರ್ಕಾರವೇ ಜರ್ನಲ್ ಚಂದಾ ಕಟ್ಟುವ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಬಂದಿದೆ, ಸುಮಾರು 13,000 ಜರ್ನಲ್‌ಗಳಿವೆ.

ರಿವ್ಯೂವರ್ ಕಾಮೆಂಟ್ ಬಂದ ದಿನವೇ ಉತ್ತರ ಬರೆಯಬೇಡಿ. ಸಿಟ್ಟು ಇಳಿಯಲಿ. ಆಮೇಲೆ ಒಂದೊಂದೇ ಕಾಮೆಂಟ್ ಕಾಪಿ ಮಾಡಿ, ಕೆಳಗೆ ಏನು ಬದಲಿಸಿದಿರಿ, ಎಷ್ಟನೇ ಸಾಲಿನಲ್ಲಿ ಅಂತ ಬರೆಯಿರಿ. ಒಪ್ಪದಿದ್ದರೆ ಕಾರಣ ಕೊಟ್ಟು ಒಪ್ಪುವುದಿಲ್ಲ ಅನ್ನಿ.

ಹಾಂ, ವಿಭಾಗದ ಮುಖ್ಯಸ್ಥರು ಅನ್ನೋ ಒಂದೇ ಕಾರಣಕ್ಕೆ ಯಾರ ಹೆಸರನ್ನೂ ಲೇಖಕರ ಸಾಲಿಗೆ ಸೇರಿಸಬೇಡಿ. ಮುಂದಿನ ಸಾಲಿನಲ್ಲಿ ಕೂತವರು ಕ್ಷಮಿಸಬೇಕು.

ಕಾಫಿ ಕುಡಿದು ಬಂದ ಮೇಲೆ ನಿಮ್ಮ ಒಂದು ಗ್ರಾಫ್ ಪಕ್ಕದವರಿಗೆ ಕೊಡಿ, ಬೇರೆ ವಿಷಯದವರಾದರೆ ಇನ್ನೂ ಒಳ್ಳೆಯದು. ನೀವು ಏನೂ ವಿವರಿಸಬೇಡಿ. ಅವರೇ ನೋಡಿ ಒಂದು ವಾಕ್ಯ ಬರೆಯಲಿ.