ಎಸ್‌ಒಎ ರೆಕಾರ್ಡ್‌ನಲ್ಲಿ ಇಮೇಲ್ ಬರೆಯೋದು ಹೇಗೆ? @ ಯಾಕೆ ಇರಲ್ಲ?

[ಸ್ಕ್ರೀನ್: ಟರ್ಮಿನಲ್‌ನಲ್ಲಿ «ಡಿಗ್ ಗೂಗಲ್.ಕಾಂ ಎಸ್‌ಒಎ +ಶಾರ್ಟ್»]

ನಮಸ್ಕಾರ. ಡಿಎನ್‌ಎಸ್ ಅಂದ್ರೆ ಡೊಮೈನ್ ಹೆಸರಿಂದ ಸರ್ವರ್ ಹುಡುಕೋ ವ್ಯವಸ್ಥೆ. ಅದರಲ್ಲಿ ಒಂದು ಡೊಮೈನ್‌ನ ರೆಕಾರ್ಡ್‌ಗಳ ಗುಂಪು ಝೋನ್, ಆ ಝೋನ್‌ನ ಮುಖ್ಯ ರೆಕಾರ್ಡ್ ಎಸ್‌ಒಎ. ಝೋನ್ ನೋಡ್ಕೊಳ್ಳೋರ ಇಮೇಲ್ ಅದರಲ್ಲೇ ಇರುತ್ತೆ. ಡಿಗ್ ಅನ್ನೋ ಕಮಾಂಡ್‌ನಿಂದ ಅದನ್ನ ಕೇಳಿದಾಗ ಬಂದಿರೋ ಸಾಲಲ್ಲಿ ಎರಡನೇ ಹೆಸರು ನೋಡಿ: «ಡಿಎನ್‌ಎಸ್-ಅಡ್ಮಿನ್.ಗೂಗಲ್.ಕಾಂ.» ಯಾವುದೋ ಸರ್ವರ್ ಹೆಸರಿನ ಥರ ಇದೆ ಅಲ್ವಾ? ಅದು ಇಮೇಲ್ ವಿಳಾಸ. ಮೊದಲ ಚುಕ್ಕೆ ಜಾಗದಲ್ಲಿ @ ಇಟ್ಟು ಓದ್ಕೋಬೇಕು.

ಝೋನ್‌ನ ರೆಕಾರ್ಡ್‌ಗಳನ್ನ ಬರೆದಿಡೋ ಝೋನ್ ಫೈಲ್‌ನಲ್ಲಿ ಒಂಟಿ @ ಅಂದ್ರೆ ಆ ಝೋನ್‌ನ ಹೆಸರು, ಅದಕ್ಕೇ ಇಲ್ಲಿ ಬಳಸಲ್ಲ ಅಂತ ಸುಮಾರು ಜನ ಹೇಳ್ತಾರೆ. ಅದು ಅರ್ಧ ಉತ್ತರ. ಇಂಟರ್ನೆಟ್ ನಿಯಮಗಳ ದಾಖಲೆಗಳಿಗೆ ಆರ್‌ಎಫ್‌ಸಿ ಅಂತಾರೆ; 1987ರ ಆರ್‌ಎಫ್‌ಸಿ 1035 ಪ್ರಕಾರ ಈ ಫೀಲ್ಡೇ ಒಂದು ಡೊಮೈನ್ ಹೆಸರು. ಡಿಎನ್‌ಎಸ್ ಅದನ್ನ ತುಂಡು ತುಂಡಾಗಿ, ಅಂದ್ರೆ ಲೇಬಲ್‌ಗಳಾಗಿ ಇಟ್ಕೊಳ್ಳುತ್ತೆ. ಮೊದಲ ಲೇಬಲ್ ಮೇಲ್‌ಬಾಕ್ಸ್, ಉಳಿದಿದ್ದು ಡೊಮೈನ್. @ಗೆ ಅಲ್ಲಿ ಕೆಲಸವೇ ಇಲ್ಲ.

[ಸ್ಕ್ರೀನ್: ಟೆಕ್.ಸಪೋರ್ಟ್@ಎಕ್ಸಾಂಪಲ್.ಕಾಂ]

ಪೇಚಾಟ ಶುರುವಾಗೋದು ಇಲ್ಲಿ. @ಗಿಂತ ಮುಂಚೆನೇ ಒಂದು ಚುಕ್ಕೆ ಇದೆ. ಹಾಗೇ ಬರೆದ್ರೆ ಅದನ್ನ ಟೆಕ್@ಸಪೋರ್ಟ್.ಎಕ್ಸಾಂಪಲ್.ಕಾಂ ಅಂತ ಓದ್ತಾರೆ, ಮೇಲ್ ಇಲ್ಲದ ಸಬ್‌ಡೊಮೈನ್‌ಗೆ ಹೋಗುತ್ತೆ. ಆ ಚುಕ್ಕೆಗಿಂತ ಮುಂಚೆ ಬ್ಯಾಕ್‌ಸ್ಲ್ಯಾಶ್ ಹಾಕಿ: «ಟೆಕ್\.ಸಪೋರ್ಟ್.ಎಕ್ಸಾಂಪಲ್.ಕಾಂ.» ಇದಕ್ಕಿಂತ ಹೋಸ್ಟ್‌ಮಾಸ್ಟರ್ ಅಂತ ಚುಕ್ಕೆ ಇಲ್ಲದ ಮೇಲ್‌ಬಾಕ್ಸ್ ಮಾಡ್ಕೊಳ್ಳೋದೇ ವಾಸಿ. ಡಿಎನ್‌ಎಸ್ ವಿಚಾರಕ್ಕೆ ಆರ್‌ಎಫ್‌ಸಿ 2142 ಹೇಳೋದೂ ಅದೇ ಹೆಸರು.

ಕೊನೆಯ ಚುಕ್ಕೆ ಗಮನಿಸಿದ್ರಾ? ಝೋನ್ ಫೈಲ್‌ನಲ್ಲಿ ಅದನ್ನ ಬಿಟ್ರೆ ಝೋನ್ ಹೆಸರು ಇನ್ನೊಂದು ಸಲ ಅಂಟ್ಕೊಂಡು ಹೋಸ್ಟ್‌ಮಾಸ್ಟರ್.ಎಕ್ಸಾಂಪಲ್.ಕಾಂ.ಎಕ್ಸಾಂಪಲ್.ಕಾಂ ಆಗುತ್ತೆ. ವೆಬ್‌ಸೈಟ್ ಆರಾಮಾಗಿ ನಡೀತಿರುತ್ತೆ, ಹಾಗಾಗಿ ತಪ್ಪು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳಲ್ಲ. ಕೆಲವು ಕಂಟ್ರೋಲ್ ಪ್ಯಾನೆಲ್‌ಗಳು @ ತಗೊಂಡು ತಾವೇ ಬದಲಾಯಿಸುತ್ತವೆ. ನಂಬ್ಕೊಂಡು ಕೂರಬೇಡಿ, ಸೇವ್ ಮಾಡಿದ ಮೇಲೆ ಡಿಗ್ ಹೊಡೆದು ನೋಡಿ.

ಇನ್ನೊಂದು ಮಾತು: ಆದಷ್ಟೂ ಬೇರೆ ಡೊಮೈನ್‌ನ ವಿಳಾಸ ಕೊಡಿ. ನಿಮ್ಮ ಝೋನ್ ಕೆಟ್ಟಾಗ ತಾನೇ ಜನ ನಿಮಗೆ ಬರೆಯೋದು? ಆಗ ಅದೇ ಡೊಮೈನ್‌ನ ಮೇಲ್ ನಿಮ್ಮನ್ನ ತಲುಪೋದು ಕಷ್ಟ.

ಈ ಚುಕ್ಕೆ ಆಟ ಎಲ್ಲಾ ರೆಕಾರ್ಡ್‌ಗೂ ಇಲ್ಲ. ನಕಲಿ ಮೇಲ್ ತಡೆಯೋಕೆ ಇರೋ ಡಿಮಾರ್ಕ್‌ನ ರಿಪೋರ್ಟ್ ವಿಳಾಸ, ಸರ್ಟಿಫಿಕೇಟ್ ಯಾರು ಕೊಡಬಹುದು ಅಂತ ಹೇಳೋ ಸಿಎಎ ರೆಕಾರ್ಡ್‌ನಲ್ಲಿ ದೂರು ತಿಳಿಸೋ ವಿಳಾಸವಾದ ಐಒಡೆಫ್, ಎರಡೂ ಬರೀ ಪಠ್ಯ. ಅಲ್ಲಿ «ಮೇಲ್‌ಟು:» ಹಾಕಿ ಮಾಮೂಲಿ @ ಬರೀಬೇಕು. ಒಂದು ಹೆಸರಿಗೆ ಜವಾಬ್ದಾರರು ಯಾರು ಅಂತ ಹೇಳೋ ಆರ್‌ಪಿ ರೆಕಾರ್ಡ್‌ಗೆ ಮಾತ್ರ ಎಸ್‌ಒಎ ನಿಯಮವೇ.

[ಸ್ಕ್ರೀನ್: ಸೀರಿಯಲ್ ನಂಬರ್ ಹೈಲೈಟ್]

ಝೋನ್ ಫೈಲನ್ನ ಕೈಯಾರೆ ತಿದ್ದಿದ್ರೆ ಎಸ್‌ಒಎಯಲ್ಲಿರೋ ಸೀರಿಯಲ್ ನಂಬರ್, ಅಂದ್ರೆ ಝೋನ್‌ನ ಆವೃತ್ತಿ ಸಂಖ್ಯೆ, ಏರಿಸಿ, ಆಮೇಲೆ ರೀಲೋಡ್ ಮಾಡಿ. ಇಲ್ಲಾಂದ್ರೆ ಝೋನ್‌ನ ನಕಲು ಇಟ್ಕೊಂಡಿರೋ ಸೆಕೆಂಡರಿ ಸರ್ವರ್‌ಗಳು ಹಳೇ ವಿಳಾಸವನ್ನೇ ಕೊಡ್ತಾ ಇರ್ತವೆ.